ಬೋನಿನ ಮೇಕೆ

ಜೂನ್ 12, ಬುಧವಾರ

ಇವತ್ತು ಠಾಣೆಯಿಂದ ರಿವಾಲ್ವಾರ್ ಬಿಡಿಸಿಕೊಂಡು ಬಂದೆ. ಚುನಾವಣೆ ಬಂದರೆ ಲೈಸೆನ್ಸ್ ಇರುವವರೆಲ್ಲ ಕೋವಿ, ರಿವಾಲ್ವಾರ್ ಒಯ್ದು ಠಾಣೆಯಲ್ಲಿ ಒಪ್ಪಿಸಬೇಕು, ಎಣಿಕೆ ಮುಗಿದ ಮೇಲೆ ವಾಪಸ್ ತರಬೇಕು. ಪ್ರತಿ ಸಲದ ಪದ್ಧತಿ. ದಾಖಲೆ ಬರೆಯುವ ರೈಟರ್ ನಂಬರ್ ಓದಿ, ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡ. ಆಮೇಲೆ ತಲೆ ಎತ್ತದೆ, "ನಿಮ್ಮ ಮನೆಯವ್ರ ವಿಷ್ಯ ಕೇಳ್ದೆ ಸಾರ್. ಇದು ಮನೇಲಿ ಇದ್ದಿದ್ರೆ..." ಎಂದು ಅರ್ಧಕ್ಕೆ ನಿಲ್ಲಿಸಿದ. ಎಲ್ಲರೂ ಅಲ್ಲಿಗೇ ನಿಲ್ಲಿಸುತ್ತಾರೆ. ನಾನೂ ಹೂಂ ಎನ್ನುತ್ತೇನೆ.

ನನ್ನ ಹೆಂಡತಿ ಕವಿತ ಹೋಗಿ ಇವತ್ತಿಗೆ ಒಂದು ತಿಂಗಳು. ಮೇ ಹನ್ನೆರಡು, ಭಾನುವಾರ ಸಂಜೆ. ಕಾಡಂಚಿನ ನಮ್ಮ ಹೊಲದಲ್ಲಿ ಹಸುವಿಗೆ ಹುಲ್ಲು ಕೊಯ್ಯುತ್ತಿದ್ದಳು. ಚಿರತೆ ಹಿಂದಿನಿಂದ ಬಂದಿದೆ. ನಾನು ಊರಿನಲ್ಲಿರಲಿಲ್ಲ.

ಈ ನೋಟ್‌ಬುಕ್ ತಂದಿರುವುದು ಹೆಜ್ಜೆ ಎಲ್ಲಿ ಕಂಡಿತು, ಎಷ್ಟು ಹೊತ್ತಿಗೆ, ಯಾವ ಕಡೆಗೆ ಹೋಗಿದೆ ಎಂದು ಬರೆದಿಟ್ಟುಕೊಳ್ಳಲು. ಅದನ್ನು ನಾನೇ ಹೊಡೆಯುತ್ತೇನೆ. ಹೊಡೆದರೆ ಜೈಲು ಎಂಬುದು ಗೊತ್ತಿದೆ. ಮಗಳು ಚಂದನ ಮಂಡ್ಯದಲ್ಲಿ ಹಾಸ್ಟೆಲ್‌ನಲ್ಲಿದ್ದುಕೊಂಡು ಬಿ.ಇಡಿ. ಓದುತ್ತಿದ್ದಾಳೆ. ಅಮ್ಮ ಇಲ್ಲ, ಅಪ್ಪ ಜೈಲಿನಲ್ಲಿ ಎಂದಾದರೆ ಅವಳ ಗತಿ ಏನು ಎಂದು ಯೋಚಿಸಲು ಕೂತೆ. ಯೋಚನೆ ಮುಂದಕ್ಕೆ ಹೋಗಲಿಲ್ಲ. ಎದ್ದು ಹಸುವಿಗೆ ನೀರು ಇಟ್ಟೆ.

ಜೂನ್ 15, ಶನಿವಾರ

ಬೆಳಿಗ್ಗೆ ಆರಕ್ಕೆ ಹೊರಟೆ. ಆನೆ ಬರದಿರಲೆಂದು ತೋಡಿರುವ ಟ್ರೆಂಚು ದಾಟಿದರೆ ಕಾಡು. ಕಾಡು ಅಂದರೆ ದೊಡ್ಡ ಮರಗಳೇನಿಲ್ಲ. ಲಾಂಟಾನ, ಕಾರೆ ಮುಳ್ಳು, ಅಲ್ಲಲ್ಲಿ ಬಿದಿರು, ನಡುವೆ ಮರಳು ತುಂಬಿದ ಒಂದು ಹಳ್ಳ. ಇದೇ ಮುಂದೆ ಮುತ್ತತ್ತಿ ಕಡೆಗೆ ಹೋಗುತ್ತಾ ದಟ್ಟವಾಗುತ್ತದೆ. ಐವತ್ತೆರಡು ವರ್ಷ ಇದರ ಪಕ್ಕದಲ್ಲೇ ಇದ್ದೇನೆ. ಒಳಗೆ ನಡೆದದ್ದು ಕಡಿಮೆ.

ರಿವಾಲ್ವಾರ್ ಚಿಕ್ಕದು, ಅಂಗೈಯಲ್ಲಿ ಮುಚ್ಚಿಕೊಳ್ಳಬಹುದು. ಪಂಚಾಯಿತಿ ಅಧ್ಯಕ್ಷನಾಗಿದ್ದಾಗ ಪ್ರಾಣರಕ್ಷಣೆ, ಬೆಳೆರಕ್ಷಣೆ ಎಂದು ಅರ್ಜಿ ಬರೆದು ಎರಡು ವರ್ಷ ಓಡಾಡಿ ಮಾಡಿಸಿಕೊಂಡದ್ದು. ಹದಿಮೂರು ವರ್ಷದಲ್ಲಿ ಒಂದು ದಿನವೂ ಅದು ಹೊಲಕ್ಕೆ ಬಂದಿಲ್ಲ. ಮದುವೆ, ನಾಮಕರಣ, ಬೀಗರ ಊಟ, ಇಷ್ಟೇ ಅದರ ಸಂಚಾರ. ಶರ್ಟಿನ ಅಂಚು ಸ್ವಲ್ಪ ಮೇಲೆ ಸಿಕ್ಕಿಕೊಂಡ ಹಾಗೆ ಬಿಟ್ಟರೆ ಅದರ ಹಿಡಿ ನಾಲ್ಕು ಜನರಿಗೆ ಕಾಣುತ್ತಿತ್ತು. "ಉಣ್ಣಕ್ಕೋಗೋವಾಗ ಯಾರ್ನ ಸುಡಕ್ಕೆ ಅದು?" ಎಂದು ಕವಿತ ನಗುತ್ತಿದ್ದಳು.

ನಾನು ಇಳಿದುಹೋಗಿದ್ದೇನೆ. ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಹೊಡೆದರೂ ಅದರ ಭಾರಕ್ಕೆ ಪ್ಯಾಂಟು ಬಲಗಡೆ ಜಾರುತ್ತದೆ. ಒಂದು ಕೈಯಲ್ಲಿ ಎಳೆದುಕೊಳ್ಳುತ್ತಲೇ ನಡೆದೆ. ಸೇಡಿಗೆ ಹೊರಟವನು ಹೀಗೆ ಪ್ಯಾಂಟು ಎಳೆದುಕೊಂಡು ಹೋಗುವುದನ್ನು ಯಾರಾದರೂ ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು.

ಹೆಜ್ಜೆ: ಇಲ್ಲ.

ಜೂನ್ 16

ಇಲ್ಲ.

ಜೂನ್ 19

ಹಳ್ಳದ ಮರಳಿನಲ್ಲಿ ಒಂದು, ಹಳೆಯದು. ನಾಯಿಯದೂ ಇರಬಹುದು.

ಜೂನ್ 24, ಸೋಮವಾರ

ಹಳ್ಳದ ಹತ್ತಿರ ಚಿಕ್ಕಬೋರಯ್ಯ ಸಿಕ್ಕಿದ. ಅರಣ್ಯ ಇಲಾಖೆಯಲ್ಲಿ ಇಪ್ಪತ್ತು ವರ್ಷದಿಂದ ವಾಚರ್. ನಾನು ಮಾಜಿ ಆಗಿ ಎಷ್ಟೋ ಕಾಲವಾದರೂ ಅವನಿಗೆ ನಾನು ಅಧ್ಯಕ್ಷನೇ. ಕಣ್ಣು ನೇರ ನನ್ನ ಸೊಂಟಕ್ಕೆ ಹೋಯಿತು.

"ಅಧ್ಯಕ್ಸರೇ, ಅದ್ನ ಒಳಕ್ಕೆ ತರಂಗಿಲ್ಲ."

"ನೋಡಿಲ್ಲ ಅಂದ್ಕೊ."

"ನೋಡ್ಬುಟ್ನಲ್ಲ." ಬೀಡಿ ಹಚ್ಚಿದ. "ಅಲ್ಲ, ಅದ್ರಲ್ಲಿ ಒಡೀಬೇಕು ಅಂದ್ರೆ ಅದು ಮೈಮೇಲೇ ಬರಬೇಕು. ಬಂದ್ಮೇಲೆ ನಿಮಗೆಲ್ಲಿ ಟೇಮು ಇದ್ದಾತು?"

ನಾನು ಶರ್ಟು ಕೆಳಗೆ ಎಳೆದುಕೊಂಡೆ. ಅವನೇ ಮುಂದುವರಿಸಿದ. "ಏಪ್ರಿಲಲ್ಲಿ ನಿಮ್ಮ ನಾಯಿ ಒತ್ಕೊಂಡೋಯ್ತಲ್ಲ, ಆಗ್ಲೇ ಒಂದು ಗುಂಡು ಮೇಲಕ್ಕೆ ಆರಿಸಿದ್ರೆ ಈ ಕಡೀಕೆ ತಲೆ ಆಕ್ತಿರ್ಲಿಲ್ಲ."

"ಠಾಣೇಲಿತ್ತು ಕಣಯ್ಯ."

"ಓದ್ ವರ್ಸ ಎರಡು ಕುರಿ ಇಡೀತಲ್ಲ. ಆಗ?"

ಆಗ ಬೀರುವಿನಲ್ಲಿತ್ತು. ಹೇಳಲಿಲ್ಲ. ಅವನು ಬೀಡಿ ಮುಗಿಯುವವರೆಗೂ ಕಾದು, ಮೇಲಿನವರಿಗೆ ಹೇಳಲ್ಲ, ಆದರೆ ತನ್ನ ಕಣ್ಣೆದುರು ಹೊರಗೆ ತೆಗೆಯಬೇಡಿ ಎಂದು ಹೇಳಿ ಹೋದ.

ಜುಲೈ 5, ಶುಕ್ರವಾರ

ನಮ್ಮ ಹೊಲದ ಬದುವಿನಲ್ಲೇ ಇಲಾಖೆಯವರು ಬೋನು ಇಟ್ಟರು. ಪಕ್ಕದ ಊರಿನಲ್ಲಿ ಕರು ಹೋಯಿತಂತೆ, ಜನ ರಸ್ತೆಗೆ ಕೂತರಂತೆ, ಅದಕ್ಕೆ. ಬೋನಿನಲ್ಲಿ ಎರಡು ಭಾಗ. ಮುಂದಿನದು ಚಿರತೆ ಬಂದು ಬೀಳುವುದಕ್ಕೆ, ಹಿಂದಿನ ಗೂಡಿನಲ್ಲಿ ಮೇಕೆ. ನಡುವೆ ಕಬ್ಬಿಣದ ಜಾಲರಿ. ಮೇಕೆ ಕೂಗಬೇಕು, ಆ ಕೂಗಿಗೆ ಚಿರತೆ ಬರಬೇಕು, ಬಾಗಿಲು ಬೀಳಬೇಕು. ಮೇಕೆಯ ಮೈ ಮುಟ್ಟಲು ಚಿರತೆಗೆ ಆಗುವುದಿಲ್ಲ. ಕಂದು ಬಣ್ಣದ ಹೆಣ್ಣು ಮೇಕೆ, ಒಂದು ಕಿವಿ ಹರಿದಿದೆ.

ನನ್ನ ಕೆಲಸ ಸುಲಭವಾಯಿತು. ದಿನಾ ಬೆಳಗಾಗುವಾಗ ಎಲ್ಲರಿಗಿಂತ ಮುಂಚೆ ಅಲ್ಲಿರುತ್ತೇನೆ. ಅದು ಬಿದ್ದ ದಿನ, ಯಾರೂ ಬರುವ ಮೊದಲು, ಸರಳಿನ ಸಂದಿಯಿಂದ. ಈ ರಿವಾಲ್ವಾರಿಗೆ ಅಷ್ಟು ಹತ್ತಿರ ಸಾಕು. ಇದನ್ನು ಸಂತೆ ಸಾಮಾನಿನ ಪಟ್ಟಿ ಬರೆದ ಹಾಗೆ ಬರೆದಿದ್ದೇನೆ.

ಜುಲೈ 9, ಮಂಗಳವಾರ

ಜಡಿಮಳೆ. ಬೋನಿಗೆ ಮೇಲುಹೊದಿಕೆ ಇಲ್ಲ, ಮೇಕೆ ತೊಯ್ದು ಮೂಲೆಗೆ ನಿಂತಿತ್ತು. ನೆನೆದ ಮೇಕೆ ಕೂಗುವುದಿಲ್ಲ, ಕೂಗದಿದ್ದರೆ ಚಿರತೆ ಬರುವುದಿಲ್ಲ. ಮನೆಗೆ ಬಂದು ಎರಡು ಗೊಬ್ಬರದ ಚೀಲ ಬಿಚ್ಚಿ ಹೊಲಿದು, ಒಯ್ದು ಗೂಡಿನ ಮೇಲೆ ಕಟ್ಟಿದೆ.

ಜುಲೈ 10

ಮೇಕೆಗೆ ಹಾಕಿದ್ದ ಹುಲ್ಲು ಕೊಳೆತಿತ್ತು. ಚಿಕ್ಕಬೋರಯ್ಯನಿಗೆ ಮೂರು ಕಡೆ ಬೋನು ನೋಡಬೇಕು, ಇಲ್ಲಿಗೆ ಬರುವುದೇ ದಿನ ಬಿಟ್ಟು ದಿನ. ಅಗಸೆ ಸೊಪ್ಪು ಕೊಯ್ದು ಹಾಕಿದೆ. ಸತ್ತುಹೋದರೆ ಬೋನು ಇಟ್ಟೂ ಪ್ರಯೋಜನವಿಲ್ಲ.

ಜುಲೈ 11

ಅಗಸೆಗಿಂತ ಹಲಸಿನ ಸೊಪ್ಪು ಇಷ್ಟ ಅದಕ್ಕೆ.

ಜುಲೈ 13, ಶನಿವಾರ

ಚಂದನ ಫೋನ್ ಮಾಡಿದ್ದಳು. ಮನೆಯಲ್ಲಿ ಈಗ ನನ್ನ ಅಕ್ಕ ಸೋಮಮ್ಮ ಇದ್ದಾಳೆ. ಚಿಕ್ಕರಸಿನಕೆರೆಯಲ್ಲಿ ಅವಳ ಮನೆ, ಕವಿತಳ ಕಾರ್ಯಕ್ಕೆ ಬಂದವಳು ನನಗೆ ಅಡುಗೆ ಮಾಡಿ ಹಾಕಲು ಉಳಿದಿದ್ದಾಳೆ. ಅವಳೇ ಚಾಡಿ ಹೇಳಿರಬೇಕು.

"ಅಪ್ಪ, ದಿನಾ ಕಾಡಿಗೆ ಹೋಗ್ತೀಯಂತೆ."

"ಮೇಕೆಗೆ ಸೊಪ್ಪು ಹಾಕಕ್ಕೆ."

"ಸೊಪ್ಪು ಹಾಕಕ್ಕೆ ಗನ್ ಯಾಕೆ?"

ಆನೆ ಗೀನೆ ಬಂದರೆ ಎಂದೆ. "ನೋಡಪ್ಪ, ಅಮ್ಮನ್ನ ಚಿರತೆ ತಗೊಂಡೋಯ್ತು. ನಿನ್ನ ಪೊಲೀಸ್ನೋರು ತಗೊಂಡೋದ್ರೆ ನಾನು ರಜಕ್ಕೆ ಎಲ್ಲಿಗೆ ಬರ್ಲಿ?" ಎಂದಳು. ಅಳಲಿಲ್ಲ. ಬೇರೆ ಹುಡುಗಿಯರು ಹಿಂದೆ ಮಾತಾಡುತ್ತಿದ್ದರು. ಏನೂ ಆಗುವುದಿಲ್ಲ ಎಂದು ಹೇಳಿ ಫೋನ್ ಇಟ್ಟೆ.

ಈ ಮಾತಿಗೆ ನನಗೆ ಏನಾದರೂ ಅನ್ನಿಸಬೇಕಿತ್ತು. ಕಾದು ಕೂತೆ. ಅಕ್ಕ ಊಟಕ್ಕೆ ಕರೆದಳು.

ಜುಲೈ 18, ಗುರುವಾರ

ಚಿಕ್ಕಬೋರಯ್ಯ ಇವತ್ತು ನನ್ನನ್ನು ಚೆನ್ನಾಗಿ ಬೈದ. ಹದಿಮೂರು ದಿನವಾದರೂ ಚಿರತೆ ಬೋನಿನ ಹತ್ತಿರ ಸುಳಿದಿಲ್ಲ. ಟ್ರೆಂಚಿನ ಆಚೆ ಹೊಸ ಹೆಜ್ಜೆ ಇದೆ, ಈಚೆಗೆ ಬಂದಿಲ್ಲ.

"ಯಾಕ್ ಬಂದಾತು? ನೋಡಿ ಅದ್ನ. ಒಟ್ಟೆ ತುಂಬ ಅಲಸಿನ ಸೊಪ್ಪು ತಿಂದ್ಕೊಂಡು, ಮೇಲೆ ಚೀಲ ಒದ್ದುಕೊಂಡು, ಮೆಲುಕಾಕ್ತಾ ಮಲಗದೆ. ಕೂಗು ಅಂದ್ರೆ ಯಾಕ್ ಕೂಗಾತು? ಅಳಿಯನ್ನ ಸಾಕ್ದಂಗೆ ಸಾಕಿದ್ದೀರಲ್ಲ ಅಧ್ಯಕ್ಸರೇ."

"ಸಾಯ್ಲಿ ಅಂತ ಬುಡಕಾದಾತಾ?"

"ಸಾಯಲ್ಲ ಬುಡಿ. ಒಂದು ದಿನ ಅಸ್ಕೊಂಡಿದ್ರೆ ಊರಿಗೇ ಕೇಳಂಗೆ ಕೂಗ್ತದೆ. ಆ ಒಂದು ದಿನ ನೀವು ಈ ಕಡೆ ಬರಬ್ಯಾಡಿ, ಅಷ್ಟೇ."

ಅವನು ಹೇಳಿದ್ದು ಸರಿ. ನಾನು ಮಾಡುತ್ತಿರುವುದು ಪೂರಾ ಉಲ್ಟಾ ಕೆಲಸ. ನಾಳೆಯಿಂದ ಸೊಪ್ಪು ಹಾಕುವುದಿಲ್ಲ.

ಜುಲೈ 19

ಹಾಕಿದೆ. ಸ್ವಲ್ಪ.

ಜುಲೈ 27, ಶನಿವಾರ

ಬರೆಯುವಂಥದ್ದು ಏನಿಲ್ಲ. ಮೇಕೆಯ ಬಲಗಾಲಿನ ಗೊರಸಿನಲ್ಲಿ ಹುಣ್ಣಾಗಿತ್ತು. ಬೇವಿನೆಣ್ಣೆ ಹಚ್ಚಿದೆ. ಬಗ್ಗುವಾಗ ಸೊಂಟದಲ್ಲಿ ಒತ್ತುತ್ತದೆಂದು ರಿವಾಲ್ವಾರ್ ತೆಗೆದು ಕಲ್ಲಿನ ಮೇಲೆ ಇಟ್ಟಿದ್ದೆ. ಅಲ್ಲೇ ಮರೆತು ಮನೆಗೆ ಬಂದು, ಕಾಫಿ ಕುಡಿಯುವಾಗ ನೆನಪಾಗಿ ಓಡಿದೆ. ಲೈಸೆನ್ಸಿನ ಸಾಮಾನು ಕಳೆದರೆ ದೊಡ್ಡ ತಲೆನೋವು. ಇತ್ತು ಸದ್ಯ.

ಹೆಜ್ಜೆ ನೋಡಲು ಮರೆತೆ.

ಆಗಸ್ಟ್ 5, ಸೋಮವಾರ

ನಿನ್ನೆ ಭೀಮನ ಅಮಾವಾಸ್ಯೆ. ಗಂಡನ ಪೂಜೆಯ ದಿನ. ಹೋದ ವರ್ಷ ಕವಿತ ನನ್ನ ಕಾಲು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಕೈಗೆ ದಾರ ಕಟ್ಟಿಸಿಕೊಳ್ಳಲು ಕಾದಿದ್ದಳು. ನಾನು ತಟ್ಟೆಯಲ್ಲಿ ಕಾಲು ಇಟ್ಟುಕೊಂಡು ಫೋನಿನಲ್ಲಿ ಯಾರೊಡನೆಯೋ ರಾಜಕೀಯ ಮಾತಾಡುತ್ತಿದ್ದೆ. ನೀರು ತಣ್ಣಗಾಯಿತು ಎಂದು ಅವಳು ಬೇರೆ ನೀರು ತಂದಳು.

ನಿನ್ನೆ ಮೇಕೆಯ ಹತ್ತಿರ ಹೋಗಲಿಲ್ಲ. ಬೇಕೆಂದೇ. ಕೂಗಲಿ ಎಂದು ಮನೆಯಲ್ಲೇ ಕೂತೆ. ಮಧ್ಯಾಹ್ನದವರೆಗೂ ಸದ್ದಿಲ್ಲ. ಮೂರರ ಮೇಲೆ ಶುರುವಾಯಿತು. ಚಿಕ್ಕಬೋರಯ್ಯ ಹೇಳಿದ ಹಾಗೆ ಊರಿಗೇ ಕೇಳಿಸಿತು. ಬಾಗಿಲು ಹಾಕಿಕೊಂಡೆ. ಟಿ.ವಿ. ಹಾಕಿದೆ. ಅಕ್ಕ ಅಡುಗೆಮನೆಯಿಂದ ಬಂದು ನನ್ನ ಮುಖ ನೋಡಿ, "ಅದೇನ್ಲಾ ಸಸಿ, ಅಂಗ್ ಬೆವರ್ತಾ ಇದ್ದೀಯೆ?" ಎಂದಳು. ನಾಲ್ಕೂವರೆಗೆ ಸೊಪ್ಪು ಕೊಯ್ದುಕೊಂಡು ಹೋದೆ. ಚಿರತೆ ಹತ್ತಿರದಲ್ಲಿದ್ದರೆ ನೋಡಿಬಿಡೋಣ ಎಂದು ಹೋದದ್ದು. ರಿವಾಲ್ವಾರ್ ಮನೆಯಲ್ಲೇ ಉಳಿದಿತ್ತು, ಅವಸರದಲ್ಲಿ.

ಮೇಕೆ ನನ್ನನ್ನು ನೋಡಿ ಕೂಗುವುದನ್ನು ನಿಲ್ಲಿಸಿತು. ಅಷ್ಟೇ ಆದದ್ದು. ನಾನು ಬದುವಿನ ಮೇಲೆ ಕೂತೆ.

ಯಾರಿಗೂ ಹೇಳದ್ದನ್ನು ಇಲ್ಲಿ ಬರೆಯುತ್ತೇನೆ. ಮೇ ಹನ್ನೆರಡರಂದು ಮದ್ದೂರಿನಲ್ಲಿ ಪುಟ್ಟರಾಜುವಿನ ಮಗಳ ಬೀಗರ ಊಟ. ಅವನು ನನ್ನ ಚಿಕ್ಕಪ್ಪನ ಮಗ. ಹೊರಡುವಾಗ ಕವಿತ ಹೇಳಿದಳು, ಹೊಲದ ಹತ್ತಿರ ಮತ್ತೆ ಹೆಜ್ಜೆ ಕಂಡಿದೆಯಂತೆ, ಒಬ್ಬಳೇ ಹೋಗಲು ಭಯ, ಮೂರು ಗಂಟೆಗೆ ಬಂದುಬಿಡಿ, ಜೊತೆಯಲ್ಲಿ ಹೋಗಿ ಹುಲ್ಲು ತರೋಣ. ಆಗಲಿ ಎಂದೆ. ಅಲ್ಲಿ ಮೊದಲ ಪಂಕ್ತಿಗೆ ನನ್ನನ್ನು ಕರೆಯಲಿಲ್ಲ. ಯಾರ್ಯಾರನ್ನೋ ಕೂರಿಸಿದರು. ನಾನು ಮುನಿಸಿಕೊಂಡು ಶಾಮಿಯಾನದ ಹೊರಗೆ ಕುರ್ಚಿ ಹಾಕಿಸಿಕೊಂಡು ಕೂತೆ. ಎರಡನೇ ಪಂಕ್ತಿಗೆ ಯಾರೋ ಬಂದು ಕರೆದರು, ಹಸಿವಿಲ್ಲ ಎಂದೆ. ಆಗಲೇ ಎದ್ದು ಬರಬಹುದಿತ್ತು. ಪುಟ್ಟರಾಜುವೇ ಬಂದು ಕೈಹಿಡಿದು ಎಳೆಯಲಿ ಎಂದು ಕಾದೆ. ಅವನು ಬಂದಾಗ ನಾಲ್ಕಾಗಿತ್ತು. ಎಲೆಯ ಮುಂದೆ ಕೂತಾಗ ಕವಿತಳ ಫೋನ್ ಬಂತು.

"ಒಂಟ್ರಾ? ಹಸ ಅರಚ್ತಾ ಅದೆ."

"ಒಂಟಿವ್ನಿ, ಬೈಕ್ ಮೇಲೇ ಇವ್ನಿ. ನೀನು ಒಂಟಿರು, ನಾನು ಹೊಲದ ತಾವ್ಕೇ ಬಂದ್ಬುಡ್ತೀನಿ."

ಎಡಗೈಯಲ್ಲಿ ಫೋನ್ ಇತ್ತು, ಬಲಗೈಯಲ್ಲಿ ಮೂಳೆ. ಆಮೇಲೆ ಇನ್ನೂ ಒಂದು ಸಲ ಮುದ್ದೆ ಹಾಕಿಸಿಕೊಂಡೆ.

ಮನೆಯಲ್ಲಿ ರಿವಾಲ್ವಾರ್ ಇದ್ದಿದ್ದರೆ ಎಂದು ಜನ ಹೇಳುತ್ತಾರೆ, ನಾನು ಹೂಂ ಎನ್ನುತ್ತೇನೆ. ಅದು ಠಾಣೆಯಲ್ಲಿ ಇಲ್ಲದಿದ್ದರೆ ಅವತ್ತು ಮದ್ದೂರಿನಲ್ಲಿರುತ್ತಿತ್ತು, ನನ್ನ ಸೊಂಟದಲ್ಲಿ, ಶರ್ಟಿನ ಅಂಚಿನಿಂದ ಹೊರಗೆ ಕಾಣುವ ಹಾಗೆ.

ಇಷ್ಟು ಬರೆದ ಮೇಲೂ ಅಳು ಬರಲಿಲ್ಲ. ಕೈ ಮಾತ್ರ ನೋಯುತ್ತಿದೆ.

ಆಗಸ್ಟ್ 6

ಮೇಕೆಗೆ ಸೊಪ್ಪು, ನೀರು.

ಆಗಸ್ಟ್ 11

ಸೊಪ್ಪು, ನೀರು. ಗೊರಸು ವಾಸಿಯಾಗಿದೆ.

ಆಗಸ್ಟ್ 17, ಶನಿವಾರ

ಬಿದ್ದಿದೆ.

ಬೆಳಿಗ್ಗೆ ಆರಕ್ಕೆ ಮುಂಚೆ ಬದು ಹತ್ತುವಾಗಲೇ ವಾಸನೆ ಬಂತು. ಬೋನಿನ ಬಾಗಿಲು ಬಿದ್ದಿತ್ತು. ಸುತ್ತ ಯಾರೂ ಇಲ್ಲ. ಚಿರತೆ ಮುಂದಿನ ಭಾಗದಲ್ಲಿ ಮೈ ಅದುಮಿಕೊಂಡು ಕೂತಿತ್ತು. ನಾನು ನೆನೆಸಿಕೊಂಡಿದ್ದಕ್ಕಿಂತ ಚಿಕ್ಕದು. ಸರಳು ಕಚ್ಚಿ ಕಚ್ಚಿ ಬಾಯಿ ಒಡೆದುಕೊಂಡಿತ್ತು. ನನ್ನನ್ನು ಕಂಡು ಒಂದು ಸಲ ಸರಳಿಗೆ ಹಾರಿ ಬಿತ್ತು. ಆಮೇಲೆ ಉಸಿರಾಡುತ್ತಾ ನೋಡಿತು.

ರಿವಾಲ್ವಾರ್ ತೆಗೆದೆ. ಬೋನು ಇಟ್ಟ ದಿನದಿಂದ ಹೇಗೆ ಎಂದು ಎಣಿಸಿದ್ದೆನೋ ಹಾಗೇ ಎಲ್ಲ ಇತ್ತು.

ಮುಂದಿನಿಂದ ಹೊಡೆದರೆ ಅದರ ನೇರ ಹಿಂದೆಯೇ ಜಾಲರಿ, ಜಾಲರಿಗೆ ಒತ್ತಿಕೊಂಡು ಮೇಕೆ. ಗುಂಡು ಚಿರತೆಯ ಮೈ ದಾಟಿದರೆ ಅದಕ್ಕೇ ತಗಲುವುದು. ಎಡಕ್ಕೆ ಬಂದೆ. ಅಲ್ಲಿಂದ ತಲೆ ಸಿಗುತ್ತಿತ್ತು, ಆದರೆ ಸರಳಿಗೆ ಬಡಿದು ಗುಂಡು ಯಾವ ಕಡೆ ಸಿಡಿಯುತ್ತದೋ ಹೇಳಲಾಗದು. ಬಲಕ್ಕೆ ಹೋದೆ. ಅಷ್ಟರಲ್ಲಿ ಮೇಕೆ ನನ್ನನ್ನು ಗುರುತಿಸಿ ಅದೂ ಬಲಕ್ಕೆ ಬಂತು, ಸೊಪ್ಪು ಹಾಕುವ ಕಿಂಡಿಗೆ ಮೂತಿ ಇಟ್ಟಿತು. ರಾತ್ರಿಯೆಲ್ಲ ಚಿರತೆಯ ಪಕ್ಕದಲ್ಲೇ ನಿಂತಿದ್ದ ಪ್ರಾಣಿ. ಕಾಲು ನಡುಗುತ್ತಿತ್ತು ಅದಕ್ಕೆ. ಗಂಟಲು ಕೂಗಿ ಕೂಗಿ ಕಟ್ಟಿಹೋಗಿ, ಬಾಯಿ ತೆರೆದರೂ ಸದ್ದು ಬರುತ್ತಿರಲಿಲ್ಲ.

ಯಾವ ಕಡೆಯಿಂದಲೂ ಗುರಿ ಸರಿಯಾಗಲಿಲ್ಲ. ಹಾಗಾಗಿ ಹೊಡೆಯಲಿಲ್ಲ. ರಿವಾಲ್ವಾರ್ ಸೊಂಟಕ್ಕೆ ಸಿಕ್ಕಿಸಿ, ಕೊಡಪಾನದಲ್ಲಿ ನೀರು ತಂದು ಕಿಂಡಿಯಲ್ಲಿ ಹಿಡಿದೆ. ಮೊದಲು ಕುಡಿಯಲಿಲ್ಲ, ಬೆನ್ನು ಸವರಿದ ಮೇಲೆ ಕುಡಿಯಿತು. ಆಮೇಲೆ ಚಿಕ್ಕಬೋರಯ್ಯನಿಗೆ ಫೋನ್ ಮಾಡಿದೆ.

ಹತ್ತು ಗಂಟೆಗೆ ಇಲಾಖೆಯ ಜೀಪು, ಲಾರಿ, ಡಾಕ್ಟರು ಬಂದರು. ಊರೇ ಸೇರಿತ್ತು, ಎಲ್ಲರ ಕೈಯಲ್ಲೂ ಮೊಬೈಲು. ಡಾಕ್ಟರು ಚಿರತೆಗೆ ಮತ್ತಿನ ಸೂಜಿ ಹೊಡೆದು ನೋಡಿ, ಹೆಣ್ಣು, ಮೂರು ವರ್ಷ ಇರಬಹುದು ಎಂದರು. ಇದೇನಾ ಅದು ಎಂದು ಕೇಳಿದೆ. "ಹೇಳಕ್ಕಾಗಲ್ಲ. ಈ ಭಾಗದಲ್ಲಿ ನಾಲ್ಕೈದು ಓಡಾಡ್ತವೆ," ಎಂದರು. ನಾನು ಸರಿ ಎಂದೆ. ಚಿಕ್ಕಬೋರಯ್ಯ ನನ್ನ ಸೊಂಟ ನೋಡಿದ, ಮುಖ ನೋಡಿದ. ಲಾರಿ ಹೋದ ಮೇಲೆ, "ಈ ಮೇಕೆ ಇನ್ನು ಬೋನಿಗೆ ಆಗಲ್ಲ, ಎದರ್ಕೊಂಡುಬುಟ್ಟದೆ. ನೀವೇ ಇಡ್ಕೊಂಡೋಗಿ" ಎಂದು ಹಗ್ಗ ನನ್ನ ಕೈಗೆ ಕೊಟ್ಟ.

ಹಸುವಿನ ಪಕ್ಕ ಕಟ್ಟಿದ್ದೇನೆ. ಸೊಪ್ಪು ಮುಟ್ಟಿಲ್ಲ. ಚಂದನಳಿಗೆ ಫೋನ್ ಮಾಡಿ ನಾಳೆ ಬಾ ಎಂದೆ.

ಆಗಸ್ಟ್ 18, ಭಾನುವಾರ

ಚಂದನ ಹನ್ನೊಂದರ ಬಸ್ಸಿಗೆ ಬಂದಳು. ಬಂದವಳೇ ನನ್ನ ಸೊಂಟ ನೋಡಿದಳು. ಗುಂಡು ತೆಗೆದು ಬೀರುವಿನಲ್ಲಿ ಇಟ್ಟಿದ್ದೇನೆ, ನಾಳೆ ಠಾಣೆಗೆ ಒಪ್ಪಿಸಿ ಲೈಸೆನ್ಸ್ ಬೇಡ ಎಂದು ಬರೆದುಕೊಡುತ್ತೇನೆ ಎಂದೆ. "ಒಳ್ಳೇದಾಯ್ತು" ಎಂದು ಕೈಕಾಲು ತೊಳೆಯಲು ಹೋದಳು.

ಅಕ್ಕ ಮುದ್ದೆ, ಸೊಪ್ಪಿನ ಸಾರು ಮಾಡಿದ್ದಳು. ಉಂಡಾದ ಮೇಲೆ ಅವಳು ಹಿತ್ತಿಲಿಗೆ ಹೋದಳು. ಜಗಲಿಯ ಮೇಲೆ ನಾನು, ಚಂದನ ಇಬ್ಬರೇ ಉಳಿದೆವು. ಹೇಳಿಬಿಟ್ಟೆ. ಮೂರು ಗಂಟೆಗೆ ಬರುತ್ತೇನೆ ಎಂದದ್ದು, ಪಂಕ್ತಿಗೆ ಕರೆಯಲಿಲ್ಲ ಎಂದು ಮುನಿಸಿಕೊಂಡು ಕೂತದ್ದು, ಎಲೆಯ ಮುಂದೆ ಕೂತು ಬೈಕ್ ಮೇಲಿದ್ದೇನೆ ಎಂದದ್ದು, ನೀನು ಹೊರಟಿರು ಎಂದದ್ದು. ಒಂದನ್ನೂ ಬಿಡಲಿಲ್ಲ. ಹೇಳುವಾಗ ಅವಳ ಮುಖ ನೋಡಲಿಲ್ಲ, ಅಂಗಳದ ಕಡೆ ನೋಡುತ್ತಿದ್ದೆ.

ಅವಳು ಎದ್ದು ಹೋಗುತ್ತಾಳೆ ಎಂದುಕೊಂಡೆ. ಹಾಸ್ಟೆಲ್‌ಗೆ ಹೋದರೆ ಇನ್ನು ಬರುವುದಿಲ್ಲ ಎಂದೂ ಅನ್ನಿಸಿತು, ಭಯವಾಯಿತು.

"ಅಪ್ಪ," ಎಂದಳು. "ಅವತ್ತು ಊಟ ಚೆನ್ನಾಗಿತ್ತಾ?"

ಬೈಯುವ ಹಾಗಿರಲಿಲ್ಲ ದನಿ. ನಿಜವಾಗಿ ತಿಳಿದುಕೊಳ್ಳಬೇಕು ಎನ್ನುವ ಹಾಗೆ ಕೇಳಿದಳು. ಅವಳಿಗೆ ಏನು ಹೇಳಿದರೆ ಒಳ್ಳೆಯದು ಎಂದು ಹುಡುಕಿದೆ. ರುಚಿಯೇ ಗೊತ್ತಾಗಲಿಲ್ಲ ಎನ್ನಬಹುದಿತ್ತು, ನೆನಪಿಲ್ಲ ಎನ್ನಬಹುದಿತ್ತು.

"ಚೆನ್ನಾಗಿತ್ತು ಕಣಮ್ಮ," ಎಂದೆ. "ಬಾಳ ಚೆನ್ನಾಗಿತ್ತು."

ಅವಳು ತಲೆಯಾಡಿಸಿ ನನ್ನ ಪಕ್ಕಕ್ಕೆ ಸರಿದು ಕೂತಳು. ಅವಳು ಮೊದಲು ಅತ್ತಳೋ ನಾನೋ ಗೊತ್ತಿಲ್ಲ. ಅಕ್ಕ ಹಿತ್ತಿಲಿನಿಂದ ಓಡಿಬಂದು ಏನಾಯಿತು ಎಂದು ಕೇಳಿದಳು.